ಜಾನ್ ಇಲ್ಲದ ಪಿಚ್

ನಮ್ಮ ಕಾಕಾನಂಥ ಕ್ರಿಕೆಟ್ ಹುಚ್ಚ ಇಡೀ ಕಲಬುರಗಿಯಲ್ಲಿ ಸಿಗಲಿಕ್ಕಿಲ್ಲ. ಆದರೆ ಅವರು ಕೂತು ಪೂರ್ತಿ ಮ್ಯಾಚು ನೋಡಿದ್ದನ್ನು ಕಂಡವರೂ ಸಿಗಲಿಕ್ಕಿಲ್ಲ! ಅವರು ನೋಡುವುದು ಪಿಚ್. ಒಂದು ದಿನದ ಪಂದ್ಯವಿದ್ದರೆ ಟಾಸಿಗೆ ಮೊದಲೇ ಸ್ನಾನ ಮುಗಿಸಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಾರೆ. ಕಾಮೆಂಟೇಟರ್ ಬಗ್ಗಿ ಪಿಚ್ಚಿನ ಬಿರುಕಿನಲ್ಲಿ ಬೀಗದ ಕೈ ತೂರಿಸಿದರೆ ಇವರ ಮುಖ ಅರಳುತ್ತದೆ. ಬೌಲರಿಗೂ ಇಂದು ಆಟವಿದೆಯಲ್ಲ! ಬಿರುಕೇ ಕಾಣಲಿಲ್ಲವೋ, "ಸಪಾಟ ಅದ. ಜಾನ್ ಇಲ್ಲ" ಎಂದು ಟಿವಿ ಬಂದ್ ಮಾಡಿ ಎದ್ದುಬಿಡುತ್ತಾರೆ. ಜಾನ್ ಎಂದರೆ ಜೀವ. ಅದಿಲ್ಲದ ಪಿಚ್ಚಿನ ಮೇಲೆ ರನ್ನಿನ ಗುಡ್ಡವೇ ಬೆಳೆದು ಬ್ರಹ್ಮಪುರದ ನಮ್ಮ ಓಣಿಯೆಲ್ಲ ಕುಣಿದರೂ ಕಾಕಾನಿಗೆ ನಿದ್ದೆ. ಹೊಡೆಯುವವನಿಗೆ ಔಟಾಗುವ ಅಂಜಿಕೆ ಇರಬೇಕು, ಎಸೆಯುವವನಿಗೆ ಆಸೆ ಇರಬೇಕು, ನೋಡುವವನ ಕೈಯಲ್ಲಿ ಚಹಾ ಆರಿಹೋಗಬೇಕು. ಇಲ್ಲದಿದ್ದರೆ ಅದೆಂಥ ಮ್ಯಾಚು ಎಂಬುದು ಅವರ ವಾದ.

ಈ ಪರೀಕ್ಷೆ ಟಿವಿಗೇ ಮುಗಿದಿದ್ದರೆ ನನ್ನ ಮದುವೆ ಎಷ್ಟೋ ಮುಂಚೆ ಆಗುತ್ತಿತ್ತು. ಜೇವರ್ಗಿ ಕಾಲೋನಿಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವರು ಹೊಸ ಮಾರ್ಬಲ್ ನೆಲವನ್ನು ನೋಡುತ್ತಿದ್ದರು. ಬಗ್ಗಿ, ಬೆರಳ ಗೆಣ್ಣಿನಿಂದ ಕುಟ್ಟಿ, "ಛಲೋ ಬೌನ್ಸ್ ಆಗ್ತದ" ಎಂದು ತಲೆದೂಗಿದರು. ಹುಡುಗಿಯ ತಂದೆ ಬ್ಯಾಂಕಿನವರು. "ಯಾರ ಚೆಕ್ ಅದ್ರಿ?" ಎಂದು ಗಾಬರಿಯಾದರು. ಸಂಬಂಧ ಅಲ್ಲಿಗೇ ನಿಂತಿತು.

ಕಾಕಾನ ಹೆಂಡತಿ, ನಮ್ಮ ಕಾಕುವಿನ ತವರು ಕಮಲಾಪುರ. ಅಲ್ಲಿ ಕಾಕುವಿನ ಅಣ್ಣತಮ್ಮಂದಿರ ತಂಡಕ್ಕೂ ಕಲಬುರಗಿಯವರಿಗೂ ಮ್ಯಾಚು ನಿಗದಿಯಾದಾಗ, ಪಿಚ್ಚನ್ನು ಅಳಿಯಂದಿರೇ ಮಾಡಿಕೊಡಲಿ ಎಂದು ಮಾವ ಪ್ರೀತಿಯಿಂದ ಕರೆಸಿದರು. ಕಾಕಾ ಅಲ್ಲಿಯ ಕೆಮ್ಮಣ್ಣಿಗೆ ಎಷ್ಟು ಜಾನ್ ತುಂಬಿದರೆಂದರೆ, ಭಾವಮೈದುನರೆಲ್ಲ ಊಟಕ್ಕೆ ಮುಂಚೆಯೇ ಪ್ಯಾಡ್ ಬಿಚ್ಚಿ ಕೂತಿದ್ದರು! ಕಲಬುರಗಿಯವರೂ ಒದ್ದಾಡಿ, ಕೊನೆಯ ವಿಕೆಟ್ಟಿನಲ್ಲಿ ಹೇಗೋ ಗೆದ್ದರು. ಊರೆಲ್ಲ ಉಸಿರು ಬಿಗಿಹಿಡಿದು ನೋಡಿತು, ನಿಜ. ಆದರೆ ಅಂದು ಅಳಿಯನ ತಾಟಿಗೆ ತುಪ್ಪ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಕ್ಕವರು ಕಾಕು ಒಬ್ಬರೇ.

ಆ ಕಾಕುವಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಎಡಗಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು. ದಿನಾ ನಡೆಸಿ, ಇಲ್ಲದಿದ್ದರೆ ಕಾಲು ಹೀಗೇ ಉಳಿದುಬಿಡುತ್ತದೆ ಎಂದರು ಡಾಕ್ಟರು. ಆದರೆ ಮನೆಯ ತುಂಬ ಸವೆದು ನುಣುಪಾದ ಶಹಾಬಾದ್ ಫರಸಿ ಕಲ್ಲು. ಒಮ್ಮೆ ಜಾರಿದ ಕಾಕು ಆಮೇಲೆ ಮಂಚದಿಂದ ಇಳಿಯಲೇ ಒಲ್ಲೆ ಎಂದರು.

ನಾನು ಮತ್ತೆ ಹೋದಾಗ ಹಿತ್ತಲಿನ ಫರಸಿಯೆಲ್ಲ ಕಿತ್ತು ಗೋಡೆಗೆ ಒರಗಿಸಿತ್ತು. ಕಮಲಾಪುರದ ಕೆಮ್ಮಣ್ಣು ತರಿಸಿ, ಜರಡಿ ಹಿಡಿದು, ನೀರು ಹೊಡೆದು, ಬಡಿದು ಬಡಿದು ಕಾಕಾ ಉದ್ದಕ್ಕೆ ಪಿಚ್ ಮಾಡಿದ್ದರು. ಒಂದು ಬಿರುಕಿಲ್ಲ, ಒಂದು ಉಬ್ಬಿಲ್ಲ. ನಾನು ಸುಮ್ಮನಿರಬೇಕೋ ಬೇಡವೋ? ಇಷ್ಟು ಸಪಾಟ ಪಿಚ್ ನಿಮ್ಮ ಕೈಯಿಂದ ಹೇಗೆ ಬಂತು ಎಂದು ಛೇಡಿಸಿದೆ.

ಕಾಕಾ ಅಂಗೈಯಿಂದ ಮಣ್ಣು ಸವರುತ್ತಲೇ ಇದ್ದರು. "ಇದರಾಗ ಜಾನ್ ಇರಬಾರ್ದು ತಮ್ಮಾ. ಆಕಿಗಿ ಅಂಜಿಕಿ ಬ್ಯಾಡ."

ಆಮೇಲೆ ಕಾಕುವನ್ನು ಹಿಡಿದು ತಂದರು. ಬರಿಗಾಲು ತವರಿನ ಮಣ್ಣಿಗೆ ತಾಗಿದಾಗ ಕಾಕು ತಡೆದು ಕೆಳಗೆ ನೋಡಿದರು. ಒಂದು ಹೆಜ್ಜೆ ಇಟ್ಟರು. ಮತ್ತೊಂದು. ಹಾಗೇ ಎಳೆದು ಎಳೆದು ಆ ತುದಿ ಮುಟ್ಟಿದರು.

ಕಾಕಾ ಅಂಜುತ್ತಲೇ ಕೇಳಿದರು. "ಪಿಚ್ ಹೆಂಗದ?"

ಕಾಕುವಿನ ಸೊಟ್ಟ ತುಟಿ ಅಲುಗಿತು. "ಜಾನ್... ಇಲ್ರೀ."

ಕಾಕಾ ನಕ್ಕರು. ಕಣ್ಣೊರೆಸಿಕೊಳ್ಳಲು ಮಾತ್ರ ಅವರಿಗೆ ಕೈ ಬಿಡುವಿರಲಿಲ್ಲ. ಎರಡರಲ್ಲೂ ಕಾಕುವನ್ನು ಹಿಡಿದಿದ್ದರು.