ಕೊಡೆ ಕಟ್ಟಿ ಕಾಗೆ ಕರೆದದ್ದು

"ಇವತ್ತು ಸಂಜೆಯವರೆಗೆ ನನ್ನ ಮನೆಯಿಂದ ಒಂದು ಸದ್ದು ಹೊರಬಿದ್ರೆ ನನ್ನನ್ನ ಗಂಗೂ ಅಂತ ಕರೀಬೇಡಿ!"

ನಮ್ಮ ಚೆಂಡಿಯಾ ಊರಿನ ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ ಸಾರಿದೆ. ಆ ದಿನದ ಮೊದಲ ಸದ್ದು ಅದೇ.

ಕಾರಣ ನನ್ನ ತಮ್ಮನ ಮಗಳು, ಅಂಕೋಲೆಯ ನಾಗಶ್ರೀ. ಸಿನಿಮಾಕ್ಕೆ ಸಂಗೀತ ಕಟ್ಟುತ್ತಾಳೆ. ದೊಡ್ಡ ಸಿನಿಮಾ ಅಲ್ಲ. ಗೆಳೆಯರೆಲ್ಲ ಸೇರಿ ಮಾಜಾಳಿಯ ಸಮುದ್ರದಂಡೆಯಲ್ಲಿ ತೆಗೆದದ್ದು. ಅವಳಿಗೆ ಇದೇ ಮೊದಲನೆಯದು. ಕೊನೆಯಲ್ಲಿ ಒಬ್ಬ ಹೆಂಗಸು ಬಾರದ ದೋಣಿಗೆ ಕಾಯುತ್ತಾಳೆ. ಅಲ್ಲಿಗೆ ನಮ್ಮ ಯಜಮಾನರ ಹಳೆಯ ಹಾರ್ಮೋನಿಯಂ ಪೇಟಿಯೇ ಬೇಕಂತೆ. ಆ ಪೇಟಿಯ ಕತೆ ಬೇರೆ. ಭಜನೆಯಲ್ಲಿ ನಾನು ದನಿ ಕೂಡಿಸಿದರೆ ಯಜಮಾನರು ಪೇಟಿ ಬಾರಿಸುವುದನ್ನು ನಿಲ್ಲಿಸಿ "ಕಾಗೆ ಬಂತು" ಎನ್ನುತ್ತಿದ್ದರು. ಜನ್ಮವಿಡೀ ಜಗಳಾಡಿದೆ, ಒಪ್ಪಲಿಲ್ಲ.

"ಅತ್ತೆ, ಸಂಜೆಯೊಳಗೆ ರೆಕಾರ್ಡ್ ಮಾಡಿ ಕಳಿಸ್ಬೇಕು. ಇಲ್ದಿದ್ರೆ ಪ್ರದೀಪ ಬೇರೆಯವ್ರ ಹತ್ರ ಮಾಡಿಸ್ತಾನೆ." ಪ್ರದೀಪ ಎಂದರೆ ಸಿನಿಮಾ ತೆಗೆದವನು.

"ನೀ ಬಾರ್ಸೇ. ಸದ್ದಿನ ಉಸಾಬರಿ ನಂದು!"

ಮಿಕ್ಸರ್ ಬಂದ್. ಕುಕ್ಕರ್ ಬಂದ್. ಹುಂಜ ಬುಟ್ಟಿಯಡಿ ಬಂಧಿ. ಮೀನಿನ ಯಶೋದಾ ಬಾಯಿ ತೆರೆಯುವ ಮೊದಲೇ ಕೈಮುಗಿದು ಕಳಿಸಿದೆ. ಉಳಿದದ್ದು ಕಾಗೆ. ಒಣಮೀನು ಕಾಯ್ದವಳಿಗೆ ಕಾಗೆ ಓಡಿಸುವುದನ್ನು ಕಲಿಸಬೇಕೇ? ಯಜಮಾನರ ಹರಿದ ಕಪ್ಪು ಕೊಡೆಯನ್ನು ಕೋಲಿಗೆ ತಲೆಕೆಳಗಾಗಿ ಕಟ್ಟಿ ಹಿತ್ತಲಲ್ಲಿ ನಿಲ್ಲಿಸಿದೆ. ಸತ್ತ ಕಾಗೆ ನೇತಾಡುತ್ತಿದೆ ಎಂದು ತಿಳಿದು ಊರಿನ ಕಾಗೆಗಳೆಲ್ಲ ಪರಾರಿ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಅವತ್ತೇ ತೀರಿಹೋದ ಯಜಮಾನರ ವರ್ಷದ ಎಡೆ. ಬೆಳಿಗ್ಗೆಯಿಂದ ಸದ್ದಿಲ್ಲದೆ ಅದರದ್ದೇ ಅಡುಗೆ. ಮಧ್ಯಾಹ್ನ ಅನ್ನ, ವಡೆ, ಪಾಯಸ ಬಡಿಸಿದ ಬಾಳೆಲೆಯನ್ನು ಹಿತ್ತಲಲ್ಲಿಟ್ಟೆ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಕಾಗೆಯೇ ಇಲ್ಲ!

ಊಟಕ್ಕೆ ಬಂದ ಮೈದುನ ಮಾಬ್ಲೇಶ್ವರ ಮೆಲ್ಲಗೆ ಅಂದ: "ಅತ್ತಿಗೆ, ಅಣ್ಣಂಗೆ ಎಂತದೋ ಸಿಟ್ಟು."

"ನನ್ನ ಮೇಲೆಯೋ?"

"ಮತ್ತೆ ನನ್ನ ಮೇಲೆಯಾ? ನಾ ಉಪಾಸ ಕೂತವ."

ಸಾಯುವಾಗಲೂ ಒಂದು ಮಾತು ಹೇಳಿಹೋಗದ ಮನುಷ್ಯ. ಇವತ್ತಾದರೂ ಬರಬೇಡವೇ? ಮೊದಲು ಪಿಸುದನಿಯಲ್ಲಿ "ಕಾವ್" ಎಂದೆ. ಆಮೇಲೆ ತುಸು ಗಟ್ಟಿಯಾಗಿ. ಆಮೇಲೆ ಸಂಗೀತ, ಸಾರಿದ ಮಾತು, ಎಲ್ಲ ಮರೆತೇ ಹೋಯಿತು.

"ಕಾವ್! ಕಾವ್! ಬನ್ನಿ! ನಿಮ್ಮ ಬನಿಯನ್ ನೆಲ ಒರ್ಸೂಕೆ ಹಾಕಿದ್ದೆ, ತಪ್ಪಾಯ್ತು! ನಾಳೆ ಬಂಗಡೆ ಸುಡ್ತೆ! ಕಾವ್!"

"ಅತ್ತಿಗೆ, ಆ ಕೋಲಿಗೆ ನೇತಾಡೂದು ಎಂತದು?"

"ನಿನ್ನ ಅಣ್ಣನ ಕೊಡೆ."

"ಅಯ್ಯೋ! ಅಣ್ಣನ ಕೊಡೆ ಕಟ್ಟಿ ಅಣ್ಣನ್ನೇ ಓಡ್ಸಿದ್ರಲ್ಲ!"

ಕೊಡೆ ಕಿತ್ತೆಸೆದು ಗಂಟಲು ಹರಿಯುವಂತೆ ಕೂಗಿದೆ. ಒಂದು ಬಂತು. ಎಲೆಗೆ ಕೊಕ್ಕಿಟ್ಟಿತು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದರ ನೆಂಟರಿಷ್ಟರೆಲ್ಲ ಬಂದು ಗದ್ದಲವೋ ಗದ್ದಲ!

ತಿರುಗಿದರೆ ಬಾಗಿಲಲ್ಲಿ ನಾಗಶ್ರೀ.

"ಕೇಳ್ತಾ?" ಎಂದೆ.

"ಕೇಳ್ದೇ ಇರ್ತದೆಯಾ? ಬನಿಯನ್, ಬಂಗಡೆ, ಎಲ್ಲ ರೆಕಾರ್ಡಾಯ್ತು."

ಮತ್ತೆ ನುಡಿಸಲು ಕೂತಳು. ಪೇಟಿಯ ತಿದಿ ಬುಸ್ಸೆಂದು ಹರಿಯಿತು! ಬೇರೆ ದಾರಿಯಿಲ್ಲದೆ ಇದ್ದದ್ದನ್ನೇ ಕಳಿಸಿದಳು. ನನಗೆ ಪಾಯಸ ಇಳಿಯಲಿಲ್ಲ. ಗಂಡನಿಗೆ ಎಡೆ ಇಡಲು ಹೋಗಿ ಹುಡುಗಿಯ ಮೊದಲ ಕೆಲಸಕ್ಕೆ ಎಳ್ಳುನೀರು ಬಿಟ್ಟಿದ್ದೆ!

ಸಂಜೆ ಪ್ರದೀಪನ ಫೋನು. "ಇದೇ ಇರಲಿ ನಾಗಶ್ರೀ. ಬನಿಯನ್, ಬಂಗಡೆ ತೆಗೀವಾ. ಆ ಕಾವ್ ಕಾವ್ ಮಾತ್ರ ಬೇಕು. ಬಾರದವರನ್ನ ಹಿಂಗೇ ಕರೀಬೇಕು. ಯಾರದು ಕೂಗಿದ್ದು?"

ನನ್ನ ಜಂಬ ಕೇಳಬೇಕೆ! ಕಾರವಾರದಲ್ಲಿ ಸಿನಿಮಾ ತೋರಿಸಿದ ದಿನ ಹೊಸ ಸೀರೆಯುಟ್ಟು ಎದುರಿಗೇ ಕೂತೆ. ಕೊನೆಗೆ ಪರದೆಯ ಮೇಲೆ ಹೆಸರುಗಳು ಬಂದವು. ನನಗೆ ಓದು ನಿಧಾನ. ಆದರೂ ಓದಿದೆ.

ಸಂಗೀತ: ನಾಗಶ್ರೀ.

ಕಾಗೆ: ಗಂಗೂ.

ಯಜಮಾನರು ಬದುಕಿದ್ದಷ್ಟು ದಿನ ಬಾಯಲ್ಲಿ ಹೇಳಿದರು. ಸತ್ತ ಮೇಲೆ ಬರೆಸಿಯೇ ಬಿಟ್ಟರು!