ಕೊನೆ ಮೊದಲೇ ಹೇಳುವ ಮಾವ

ನಮ್ಮ ಸೋದರಮಾವನ ಪಕ್ಕ ಕೂತವರು ಯಾರೂ ಒಂದು ಸಿನಿಮಾವನ್ನೂ ಕುತೂಹಲದಿಂದ ನೋಡಿಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ! ತೆರೆಯ ಮೇಲೆ ಹೆಸರುಗಳು ಬರುತ್ತಿದ್ದಂತೆಯೇ ಅವರು ಕೊನೆ ಹೇಳಿಬಿಡುತ್ತಾರೆ.

ಒಮ್ಮೆ ದೇವನಹಳ್ಳಿಯ ಟಾಕೀಸಿನಲ್ಲಿ, ಇನ್ನೂ ಕೊಲೆಯೇ ಆಗಿರಲಿಲ್ಲ, "ಮಾಡಿದ್ದು ಡಾಕ್ಟ್ರು ಕಣೇ" ಅಂತ ಅತ್ತೆಯ ಕಿವಿಯಲ್ಲಿ ಹೇಳಿದರು. ಮಾವನ ಪಿಸುಮಾತು ಬಾಲ್ಕನಿಗೂ ಕೇಳಿಸುತ್ತದೆ. ಮುಂದಿನ ಸಾಲಿನವನು ತಿರುಗಿ, "ಯಜಮಾನ್ರೇ, ಇನ್ನು ನಾವು ನೋಡೋದೇನು?" ಅಂದ.

"ಮಿಕ್ಕಿದ್ದು ನೆಮ್ಮದಿಯಾಗಿ ನೋಡಪ್ಪಾ" ಅಂದರು ಮಾವ.

ಇದು ಬರೀ ಬಾಯಿಚಪಲ ಅಂದುಕೊಂಡಿರಾ? ಕೊನೆ ಗೊತ್ತಾಗದೆ ಸಿನಿಮಾ ನೋಡಲು ಅತ್ತೆಗೆ ಜೀವ ತಡೆಯದು. ಬೆಳಗಿನ ಆಟಕ್ಕೆ ಒಬ್ಬರೇ ಹೋಗಿ ನೋಡಿ ಬಂದು, ಮ್ಯಾಟ್ನಿಗೆ ಅತ್ತೆಯನ್ನು ಕರೆದುಕೊಂಡು ಹೋಗುವುದು ಅವರ ಪದ್ಧತಿ. ಮಗ ಸೈನ್ಯ ಸೇರಿ ಗಡಿಗೆ ಹೋದ ಮೇಲಂತೂ, ಯೂನಿಫಾರ್ಮ್ ತೊಟ್ಟವನು ಕಂಡರೆ ಸಾಕು, ಅತ್ತೆ "ರೀ, ಇವ್ನು ಉಳೀತಾನಾ?" ಅನ್ನುತ್ತಾರೆ. ಉತ್ತರ ಸಿಕ್ಕ ಮೇಲೇ ಕೈಯಲ್ಲಿರುವ ಚಕ್ಕುಲಿ ಬಾಯಿಗೆ ಹೋಗುವುದು.

ಹೋದ ಭಾನುವಾರ ಬೂದಿಗೆರೆಯ ಸಮುದಾಯ ಭವನದಲ್ಲಿ ನಾವು ಗೆಳೆಯರು ಹಳೆಯ ಯುದ್ಧದ ಥ್ರಿಲ್ಲರ್ ಒಂದನ್ನು ತೋರಿಸಿ, ಆಮೇಲೆ ಚರ್ಚೆ ಇಟ್ಟುಕೊಂಡಿದ್ದೆವು. ಎರಡು ದಿನ ಮೊದಲೇ ಮಾವ ಹಾಜರ್!

"ಅಳಿಯಾ, ಹದಿನೈದು ದಿನದಿಂದ ಮಗನ ಫೋನ್ ಬಂದಿಲ್ಲ. ಮನೇಲಿದ್ರೆ ನಿಮ್ಮತ್ತೆ ಫೋನನ್ನೇ ನೋಡ್ತಾ ಕೂತಿರ್ತಾಳೆ. ಕರ್ಕೊಂಡ್ ಬರ್ತೀನಿ, ಕೊನೆ ಏನು ಹೇಳ್ಬಿಡಪ್ಪಾ."

"ಕೊನೆ ಹೇಳಿದ್ರೆ ಚರ್ಚೆ ಏನ್ ಮಾಡೋದು ಮಾವ?" ಅಂತ ದೊಡ್ಡ ವಿಮರ್ಶಕನ ಹಾಗೆ ಬೀಗಿದೆ. ಬುದ್ಧಿ ಇರಲಿಲ್ಲ ನನಗೆ.

ಸಿನಿಮಾದಲ್ಲಿ ಸಿಪಾಯಿಯೊಬ್ಬ ಶತ್ರುಗಳ ಊರಿನ ಹಿಟ್ಟಿನ ಗಿರಣಿಯಲ್ಲಿ ಅಡಗಿದ್ದ. ಬೂಟಿನ ಸದ್ದು ಹತ್ತಿರವಾಯಿತು.

"ರೀ, ಉಳೀತಾನಾ?"

ಮಾವ ಕತ್ತಲಲ್ಲೇ ನನ್ನ ಕಡೆ ತಿರುಗಿದರು. ಅತ್ತೆ ಮತ್ತೆ ಕೇಳಿದರು.

"ಗೊತ್ತಿಲ್ಲ ಕಣೇ."

ಮಾವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ. ಚರ್ಚೆಗೆ ಅಂತ ಇಟ್ಟಿದ್ದ ಮೈಕ್ ಹಿಡಿದು, "ಉಳೀತಾನೆ ಅತ್ತೆ! ಕೊನೇಲಿ ಮನೆಗೆ ಬರ್ತಾನೆ!" ಅಂತ ಕೂಗಿಬಿಟ್ಟೆ.

ಇಡೀ ಭವನ "ಅಯ್ಯೋ!" ಅಂದಿತು. ಆಮೇಲಿನ ಚರ್ಚೆ ಸಿನಿಮಾ ಬಿಟ್ಟು ನನ್ನ ಮೇಲೇ ನಡೆಯಿತು. ಅರ್ಧ ಗಂಟೆ ಉಗಿಸಿಕೊಂಡೆ.

ಹೊರಗೆ ಚಪ್ಪಲಿ ಹುಡುಕುವಾಗ ಮಾವ ನನ್ನ ಕೈ ಹಿಡಿದುಕೊಂಡರು. ಮಗನ ಫೋನ್ ಇನ್ನೂ ಬಂದಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಕೊನೆ ಹೇಳಿದ ಮನುಷ್ಯನಿಗೆ ಈಗ ಯಾರಾದರೂ ಕೊನೆ ಹೇಳಬೇಕಿತ್ತು. ನನಗೆ ಗೊತ್ತಿದ್ದದ್ದು ಸಿನಿಮಾದ ಕೊನೆ ಮಾತ್ರ.

"ಬರ್ತಾನೆ ಮಾವ" ಅಂದೆ.