ಗ್ರನೋಲಾ ಬಾರಿಗೆ ಅಂಟು ಹಾಕಿದ ಪ್ರಸಂಗ

ಬಡ್ತಿಯ ಸಂದರ್ಶನದಲ್ಲಿ ನಾನು ಎರಡು ಸಲ ಫೇಲಾದದ್ದಕ್ಕೆ ಒಂದೇ ಕಾರಣ: ಹಸಿವು. ಬಹಳ ದಿನಗಳ ಆತ್ಮಪರಿಶೀಲನೆಯ ನಂತರ ಇದನ್ನು ನಾನೇ ಕಂಡುಹಿಡಿದೆ. ಬೇರೆಯವರಿಗೆ ಬೇರೆ ಅಭಿಪ್ರಾಯಗಳಿದ್ದವು. ಅವನ್ನು ನಾನು ಕೇಳಿಸಿಕೊಳ್ಳಲಿಲ್ಲ.

ನಮ್ಮ ಊರು ಧಾರವಾಡ. ಬ್ಯಾಂಕಿನವರು ವರ್ಗ ಮಾಡಿದ್ದರಿಂದ ಕೊಚ್ಚಿಯ ವೈಟ್ಟಿಲದ ಹತ್ತಿರ ಬಾಡಿಗೆ ಮನೆ. ಸಂದರ್ಶನ ನಡೆಯುವುದು ತಿರುವನಂತಪುರದಲ್ಲಿ. ಬೆಳಗಿನ ಮೊದಲ ರೈಲು ಹಿಡಿಯಬೇಕು. ರೈಲು ತಪ್ಪೀತು ಎಂಬ ಚಿಂತೆಗೆ ಮನೆಯಲ್ಲಿ ತಿಂಡಿ ಇಳಿಯುವುದಿಲ್ಲ. ತಿಂದು ಹೊಟ್ಟೆ ಕೆಟ್ಟೀತು ಎಂಬ ಚಿಂತೆಗೆ ರೈಲಿನಲ್ಲೂ ಇಳಿಯುವುದಿಲ್ಲ. ಹನ್ನೊಂದು ಗಂಟೆಗೆ ಒಳಗೆ ಕರೆಯುವಷ್ಟರಲ್ಲಿ ಹೊಟ್ಟೆ ಖಾಲಿ, ತಲೆಯೂ ಖಾಲಿ. ಖಾಲಿ ತಲೆಯಿಂದ ಮಾತು ಮಾತ್ರ ಧಾರಾಳವಾಗಿ ಬರುತ್ತದೆ. ಮೊದಲ ಸಲ "ನಿಮ್ಮ ಬಗ್ಗೆ ಹೇಳಿ" ಎಂದದ್ದಕ್ಕೆ ನಮ್ಮ ಅಜ್ಜನಿಂದ ಶುರು ಮಾಡಿದ್ದೆ. ಅಪ್ಪನ ಮುಂಜಿವೆಗೆ ಬರುವಷ್ಟರಲ್ಲಿ ಸಮಯ ಮುಗಿಯಿತು. ಎರಡನೆಯ ಸಲ ಅಧ್ಯಕ್ಷರ ತಲೆಯ ಮೇಲೆ ಫ್ಯಾನು ಅಲುಗಾಡುತ್ತಿತ್ತು. ಅದನ್ನು ಅವರ ಗಮನಕ್ಕೆ ತಂದು, ಫ್ಯಾನುಗಳು ಯಾವ ಯಾವ ಕಾರಣಕ್ಕೆ ಕಳಚಿ ಬೀಳುತ್ತವೆ ಎಂದು ಒಂದೊಂದಾಗಿ ವಿವರಿಸಿದೆ. ಅವರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡರು. ಆಮೇಲೆ ನನ್ನನ್ನೂ ಸರಿಸಿದರು!

ಮೂರನೆಯ ಕರೆ ಬಂದಾಗ ನನಗೆ ನಲವತ್ತೊಂಬತ್ತು. ಐವತ್ತಾದವರನ್ನು ಮತ್ತೆ ಕರೆಯುವುದಿಲ್ಲ ಎಂಬುದು ನಮ್ಮ ಬ್ಯಾಂಕಿನ ನಿಯಮ. ಈ ಸಲ ಆಗಲಿಲ್ಲವೆಂದರೆ ನಿವೃತ್ತಿಯವರೆಗೂ ಅದೇ ಮೇಜು, ಅದೇ ಕಿಟಕಿ, ಮೀಸೆ ಈಗಷ್ಟೇ ಮೂಡಿದ ಮೇಲಧಿಕಾರಿಗಳ ಬಾಯಿಂದ "ಕುಲಕರ್ಣಿ, ಆ ಫೈಲ್ ಎಲ್ಲಿ?"

ಆದ್ದರಿಂದ ಗ್ರನೋಲಾ ಬಾರ್ ಎಂಬ ಓಟ್ಸಿನ ತಿನಿಸು ಮಾಡಲು ನಿರ್ಧರಿಸಿದೆ.

ವಿಧಾನವನ್ನು ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ್ದೆ. ಅಮೆರಿಕದ ಯಾರೋ ಮಹಾತಾಯಿ ಬರೆದದ್ದು. ಹತ್ತೇ ನಿಮಿಷದ ಕೆಲಸವಂತೆ. ಮಕ್ಕಳೂ ಮಾಡಬಹುದಂತೆ. ಒಂದು ತುಂಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲವಂತೆ. ಮೆತ್ತಗೆ, ಅಗಿಯುವ ಹಾಗೆ ಇರುತ್ತದಂತೆ. ಮುಖ್ಯವಾಗಿ, ರುಚಿ ನಿಮ್ಮ ನಿಮ್ಮ ಇಷ್ಟದ್ದಂತೆ! ಇಷ್ಟೊಂದು ಭರವಸೆ ಕೊಡುವವರನ್ನು ಚುನಾವಣೆಯಲ್ಲಿ ನಂಬದ ನಾನು ಅಡುಗೆಯಲ್ಲಿ ನಂಬಿದೆ.

ಹೆಂಡತಿ ಶೈಲಾ ಹಾಳೆಯನ್ನು ಓದಿ ಕೇಳಿದಳು, "ಇದು ಚಿಕ್ಕೀನ ಅಲ್ಲೇನ್ರೀ?"

"ಅಲ್ಲ. ಚಿಕ್ಕಿ ಕಟುಮ್ ಅಂತದ. ಇದು ಮೆತ್ತಗ ಬಾಗ್ತದ."

"ಹಂಗಾರ ಕೆಟ್ಟ ಚಿಕ್ಕಿ ಅನ್ರಿ."

ಆಡಳಿತದ ಅನುಭವವಿಲ್ಲದವರ ಮಾತಿಗೆ ಬೆಲೆ ಕೊಡದೆ, ರುಚಿಯ ಆಯ್ಕೆಯ ಕುರಿತು ಒಂದು ಸುತ್ತೋಲೆ ಹೊರಡಿಸಿದೆ. ಪ್ರತಿಯೊಬ್ಬರೂ ತಮ್ಮ ಇಷ್ಟವನ್ನು ಬರೆದು ಸಹಿ ಹಾಕತಕ್ಕದ್ದು. ಒಂಬತ್ತನೆಯ ಕ್ಲಾಸಿನ ಮಗಳು ನಮಿತಾ ಟಿವಿಯಿಂದ ಕಣ್ಣು ತೆಗೆಯದೆ "ಅಪ್ಪಾ, ಎನಿಕ್ಕ್ ಚಾಕೊಲೇಟ್ ಮದಿ" ಎಂದಳು, ತನಗೆ ಚಾಕೊಲೇಟ್ ಸಾಕೆಂದು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಮಲಯಾಳಂನಲ್ಲಿ ಮಂಜೂರು ಮಾಡುತ್ತಾಳೆ. ಶೈಲಾ "ನನ್ನ ಹೆಸರು ಹೊಡದು ಹಾಕ್ರಿ" ಎಂದು ಬರೆದಳು. ಪಕ್ಕದ ಮನೆಯ ಏಲಿಯಮ್ಮ ಚೇಚಿ, ನಿವೃತ್ತ ಶಾಲಾ ಟೀಚರು, ಗಂಟಲಿಗೆ ಒಳ್ಳೆಯದೆಂದು ಕಾಳುಮೆಣಸು ಕೇಳಿದರು. ನನ್ನ ಕಾಲಂನಲ್ಲಿ ನಾನು "ಸಂದರ್ಶನ ವಿಶೇಷ" ಎಂದು ನಮೂದಿಸಿದೆ: ಏಲಕ್ಕಿ, ಒಣಶುಂಠಿ, ದ್ರಾಕ್ಷಿ, ಕಡಲೆಕಾಯಿ ಬೀಜ.

ಶನಿವಾರ ಮೊದಲ ಪ್ರಯತ್ನ. ಓಟ್ಸ್ ಹುರಿದು, ಜೇನು ಸುರಿದು, ತಟ್ಟೆಯಲ್ಲಿ ತಟ್ಟಿ, ಫ್ರಿಜ್ಜಿನಲ್ಲಿಟ್ಟು, ಹೊರತೆಗೆದು ಕತ್ತರಿಸಿದೆ. ಕತ್ತರಿಸಿದಲ್ಲೆಲ್ಲ ಉದುರಿತು. ಕತ್ತರಿಸದಿದ್ದಲ್ಲೂ ಉದುರಿತು! ಒಂದು ಬಟ್ಟಲು ತುಂಬಿಸಿ ಚೇಚಿಗೆ ಕೊಟ್ಟೆ. ಅವರು ಹಾಲು ಹಾಕಿ, ಬಾಳೆಹಣ್ಣು ಹಿಸುಕಿ ಕಲಸಿ ತಿಂದರು.

"ಕೊಳ್ಳಾಂ ಸಾರೇ! ಪುಟ್ಟುಪೊಡಿಯಾಣೋ?"

ಚೆನ್ನಾಗಿದೆ, ಪುಟ್ಟಿನ ಹಿಟ್ಟೋ ಎಂದು ಕೇಳಿದ್ದು. ಹೌದೆಂದೆ. ಸೋತವನು ಸುಳ್ಳು ಹೇಳಬಾರದೆಂದು ಎಲ್ಲೂ ಬರೆದಿಲ್ಲ.

ಸಂಜೆ ಎರಡನೆಯ ಪ್ರಯತ್ನ. ಉದುರಬಾರದೆಂದು ಜೇನಿನ ಬದಲು ಬೆಲ್ಲದ ಪಾಕ ಹಾಕಿದೆ. ಪಾಕ ಸಾಕೋ ಸಾಲದೋ ಎಂದು ಚಿಂತಿಸುತ್ತ ನಿಂತೆ. ನಾನು ಚಿಂತಿಸುವಷ್ಟು ಹೊತ್ತೂ ಅದು ಕುದಿಯಿತು. ಆರಿದ ಮೇಲೆ ಚಾಕು ಒಳಗೆ ಹೋಗಲಿಲ್ಲ. ಚೇಚಿಯ ಮನೆಯಿಂದ ತೆಂಗಿನಕಾಯಿ ಕಡಿಯುವ ವೆಟ್ಟುಕತ್ತಿ ತಂದು ಒಂದೇಟು ಹಾಕಿದೆ. ತಟ್ಟೆ ಬಗ್ಗಿತು. ಒಂದು ಚೂರು ಹಾರಿ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೇ ಬಡಿಯಿತು. ನನ್ನ ಸಂದರ್ಶನದ ದಿನ!

ಶೈಲಾ ಬಾಗಿಲಲ್ಲಿ ನಿಂತಿದ್ದಳು. "ಇದನ್ನ ತಿರುವನಂತಪುರಕ್ಕ ಒಯ್ಯಬ್ಯಾಡ್ರಿ. ರೈಲಿನಾಗ ಆಯುಧ ಒಯ್ಯೂದು ಗುನ್ಹೆ."

ಭಾನುವಾರ ತಾಯಿ ಮಗಳು ಶಾಲೆಯ ಬೂಟು ತರಲು ಎಡಪ್ಪಳ್ಳಿಗೆ ಹೋದರು. ಮನೆಯಲ್ಲಿ ನಾನು, ಉಳಿದ ಓಟ್ಸ್ ಮತ್ತು ನನ್ನ ಬುದ್ಧಿ. ಬುದ್ಧಿ ಓಡಿತು. ನನಗೆ ಬೇಕಾದದ್ದೇನು? ಅಂಟಿಕೊಳ್ಳಬೇಕು, ಆದರೆ ಗಟ್ಟಿಯಾಗಬಾರದು. ಅಂಟಿಸುವ ವಸ್ತು ಯಾವುದು? ಅಂಟು! ನಮ್ಮ ಕಡೆ ಅಂಟಿನ ಉಂಡಿ ಮಾಡುವುದಿಲ್ಲವೇ? ಜಾಲಿ ಮರದ ಆ ಅಂಟು! ಹೆಸರೇ ಅಂಟು ಎಂದ ಮೇಲೆ ಉಂಡಿಯನ್ನು ಹಿಡಿದಿಡುವುದೇ ಅದರ ಉದ್ಯೋಗ. ಐವತ್ತರ ಹತ್ತಿರ ಬಂದರೂ ನನ್ನ ತರ್ಕಶಕ್ತಿ ಕುಂದಿಲ್ಲವಲ್ಲ ಎಂದು ಹೆಮ್ಮೆಯಾಯಿತು.

ಜಂಕ್ಷನ್ನಿನ ಅಂಗಡಿಗೆ ಹೋಗಿ "ಚೇಟ್ಟಾ, ಅಂಟು ಉಂಡೋ?" ಎಂದು ಅಂಟು ಇದೆಯೇ ಎಂದು ವಿಚಾರಿಸಿದೆ. ಅಂಗಡಿಯವರು "ಅಂಡಿಪ್ಪರಿಪ್ಪೋ?" ಎನ್ನುತ್ತ ಗೋಡಂಬಿ ತೂಗಲು ಹೊರಟರು. ಅಲ್ಲವೆಂದು ಎರಡು ಬೆರಳು ಜೋಡಿಸಿ, ಬಿಡಿಸಲಾಗದವನಂತೆ ನಟಿಸಿ, ಅಂಟಿಸುವ ಸಾಮಾನು ಎಂದು ತೋರಿಸಿದೆ. "ಓ, ಪಶ!" ಎಂದು ಲಕೋಟೆ ಅಂಟಿಸುವ ಗೋಂದಿನ ಬಾಟಲಿ ಮುಂದಿಟ್ಟರು.

"ಇದಲ್ಲ. ತಿನ್ನಾನ್, ತಿನ್ನಾನ್!" ಎಂದೆ, ತಿನ್ನುವುದಕ್ಕೆ ಬೇಕು ಎನ್ನುವ ಅರ್ಥದಲ್ಲಿ.

ಅವರು ಬಾಟಲಿಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ ಸಾರೇ, ವೀಟ್ಟಿಲ್ ಎಂದೆಂಗಿಲುಂ ಪ್ರಶ್ನಮುಂಡೋ?"

ಮನೆಯಲ್ಲಿ ಏನಾದರೂ ತೊಂದರೆಯೇ ಎಂದು! ಪಕ್ಕದಲ್ಲಿ ಸೋಪು ಕೊಳ್ಳುತ್ತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಹೆಜ್ಜೆ ದೂರ ನಿಂತಳು.

ಬರಿಗೈಲಿ ಮನೆಗೆ ಬಂದರೆ, ಶೈಲಾ ಧಾರವಾಡದಿಂದ ತಂದಿಟ್ಟ ಅಂಟು ಮೇಲಿನ ಅಟ್ಟಣಿಗೆಯ ಡಬ್ಬಿಯಲ್ಲೇ ಇತ್ತು. ಹರಳು ಹರಳಾಗಿ, ಹೊಂಬಣ್ಣದ್ದು. ಕುಟ್ಟಿ ಪುಡಿ ಮಾಡಿ ಬಿಸಿ ಬೆಲ್ಲಕ್ಕೆ ಸುರಿದೆ. ಎರಡು ಹಿಡಿ ಸಾಲದೆನಿಸಿ ಮೂರನೆಯದನ್ನೂ ಹಾಕಿದೆ. ಓಟ್ಸ್ ಮುಗಿಯುತ್ತ ಬಂದಿದ್ದರಿಂದ ಸಾರ್ವಜನಿಕರ ಆಯ್ಕೆಗಳನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಯಿತು. ಮಾಡಿದ್ದೆಲ್ಲ ಸಂದರ್ಶನ ವಿಶೇಷ.

ಎಂಥ ಬಾರುಗಳು! ಅಂಚು ನೇರ, ಮೈ ಹೊಳಪು. ಬಗ್ಗಿಸಿದರೆ ಬಗ್ಗುತ್ತವೆ, ಬಿಟ್ಟರೆ ನೆಟ್ಟಗಾಗುತ್ತವೆ. ಪ್ರಿಂಟಿನ ಚಿತ್ರದಲ್ಲಿದ್ದವು ನಾಚಬೇಕು. ಬೂಟು ಹಿಡಿದು ಬಂದ ಶೈಲಾ ಒಂದನ್ನು ಬಗ್ಗಿಸಿ ನೋಡಿದಳು. "ಹೆಂಗ ಮಾಡಿದ್ರಿ?"

"ತಾಂತ್ರಿಕ ಗುಟ್ಟು."

"ಒಂದು ತಿಂದು ನೋಡ್ರಿ ಮತ್ತ."

"ಪ್ರಶ್ನೆಪತ್ರಿಕಿ ಮೊದಲ ಒಡೀಬಾರದು" ಎಂದು ಎಲ್ಲವನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ.

ಸೋಮವಾರ ತಿರುವನಂತಪುರ. ಕಾಯುವ ಕೋಣೆಯಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಡಬ್ಬಿ ತೆರೆದೆ. ಬೇರೆ ಅಭ್ಯರ್ಥಿಗಳು ನೋಡಲಿ ಎಂದೇ ತುಸು ಎತ್ತಿ ಹಿಡಿದು ಕಚ್ಚಿದೆ. ಏಲಕ್ಕಿ, ಶುಂಠಿ, ಬೆಲ್ಲ... ಆಹಾ! ಒಂದು ಮುಗಿಸಿ ಎರಡನೆಯದನ್ನು ಪೂರ್ತಿ ಬಾಯೊಳಗೆ ಸೇರಿಸಿದೆ. ಆಗ ಎಂಜಲು ತಾಗಿ ಅಂಟು ಎಚ್ಚರವಾಯಿತು. ಮೇಲಿನ ಹಲ್ಲು ಕೆಳಗಿನದನ್ನು ಹಿಡಿಯಿತು. ನಾಲಗೆ ಅಂಗುಳಕ್ಕೆ ಹೋಗಿ ಅಲ್ಲೇ ನೆಲೆಸಿತು. ಕೆನ್ನೆ ಉಬ್ಬಿಸಿದೆ, ಗದ್ದ ಎಳೆದೆ. ಏನೂ ಅಲುಗಲಿಲ್ಲ.

"ಮಿಸ್ಟರ್ ಕುಲಕರ್ಣಿ!" ಎಂದು ಕರೆದರು.

ಒಳಗೆ ಮೂವರು. ನಡುವೆ ಅಧ್ಯಕ್ಷೆ, ದಪ್ಪ ಕನ್ನಡಕ. ಕೈ ಮುಗಿದೆ. ಅವರಿಗೆ ಅದು ಸಂಸ್ಕಾರವಾಗಿ ಕಂಡಿತು.

"ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್."

ನಮ್ಮ ಅಜ್ಜ ಗಂಟಲವರೆಗೆ ಬಂದರು. ಹಲ್ಲಿನ ಬಾಗಿಲು ತೆರೆಯಲಿಲ್ಲ. ನಾನು ಮೇಜಿನ ಮೇಲಿದ್ದ ನನ್ನದೇ ಅರ್ಜಿಯ ಕಡೆ ವಿನಯದಿಂದ ಕೈ ತೋರಿಸಿದೆ. ಅಧ್ಯಕ್ಷೆ ಅದನ್ನು ಓದಿಕೊಂಡು "ರೈಟ್, ಎಲ್ಲ ಇದರಲ್ಲೇ ಇದೆ" ಎಂದು ತಲೆಯಾಡಿಸಿದರು.

ಎಡಗಡೆಯವರು ಕೇಳಿದರು, ಗ್ರಾಹಕರೊಬ್ಬರು ಕೌಂಟರಿಗೆ ಬಂದು ಕಿರುಚಾಡಿದರೆ ಏನು ಮಾಡುತ್ತೀರಿ? ನಾಲಗೆಯನ್ನು ಬಿಡಿಸಲು ಕಣ್ಣು ಮುಚ್ಚಿ ಬಲ ಹಾಕಿದೆ. ಮುಕ್ಕಾಲು ನಿಮಿಷ ಎಳೆದಾಡಿದೆ. ಕೊನೆಗೆ ಮೂಗಿನಿಂದ "ಹ್ಞೂಂ" ಎಂದು ಒಂದೇ ಒಂದು ಶಬ್ದ ಹೊರಬಿತ್ತು. ಅವರು ಏನೋ ಬರೆದುಕೊಂಡರು. ಬಲಗಡೆಯವರು ನೌಕರರ ಅಶಿಸ್ತಿನ ಬಗ್ಗೆ ಕೇಳತೊಡಗಿ, ನಾನು ಅಡ್ಡ ಬಾಯಿ ಹಾಕದ್ದರಿಂದ, ಉತ್ತರವನ್ನೂ ಅವರೇ ಹೇಳಿದರು. ನಾನು ಒಪ್ಪಿದೆ. ಅಷ್ಟರಲ್ಲಿ ಮೇಲೆ ನೋಡುತ್ತೇನೆ, ಫ್ಯಾನು ಈಗಲೂ ಅಲುಗಾಡುತ್ತಿದೆ! ಈ ಸಲ ಕೆಳಗೆ ಇರುವುದು ಹೆಣ್ಣುಮಗಳು! ಹೇಳಬೇಕೆಂದು ಹೆಣಗಿ ಹಣೆಯಲ್ಲಿ ಬೆವರೊಡೆಯಿತು, ಕಣ್ಣಲ್ಲಿ ನೀರು ಬಂತು. ಮಾತು ಮಾತ್ರ ಬರಲಿಲ್ಲ.

"ಸೋ ಸಿನ್ಸಿಯರ್" ಎಂದರು ಅಧ್ಯಕ್ಷೆ ಮೆಲ್ಲಗೆ.

ಹೊರಗೆ ಬಂದು ಎದುರಿನ ಅಂಗಡಿಯಲ್ಲಿ ಮೂರು ಗ್ಲಾಸು ಬಿಸಿ ಚಹಾ ಕುಡಿದ ಮೇಲೆ ದವಡೆ ಬಿಟ್ಟಿತು. ಬಿಡುವಾಗ ಒಂದು ಹಲ್ಲಿಗೆ ತುಂಬಿಸಿದ್ದ ಸಿಮೆಂಟನ್ನೂ ಕರೆದುಕೊಂಡು ಬಂತು. ಮನೆಗೆ ಫೋನು ಮಾಡಿ ಗುಟ್ಟು ರಟ್ಟು ಮಾಡಿದೆ.

"ಅಂಟು ತುಪ್ಪದಾಗ ಹುರದ್ರ್ಯೋ ಇಲ್ಲೋ?"

"ಹುರೀಬೇಕಿತ್ತೇನು?"

"ಅಯ್ಯ ಶಿವನ! ಅಂಟು ಇರೂದು ಅಂಟಸ್ಲಿಕ್ಕೆ ಅಲ್ರೀ! ಹುರದ್ರ ಅರಳಿ ಹಗುರಾಗ್ತದ. ಬಾಣಂತಿ ಬೆನ್ನಿಗೆ ಶಕ್ತಿ ಬರ್ಲಿ ಅಂತ ಉಂಡಿಗೆ ಹಾಕ್ತಾರ. ನೀವೇನು ಬಾಣಂತಿ ಏನ್ರೀ?"

ಈಗ ಚೆನ್ನಾಗಿ ತೆರೆಯುತ್ತಿದ್ದ ಬಾಯಿಗೆ ನಾಲ್ಕನೆಯ ಗ್ಲಾಸು ಚಹಾ ಸುರಿದುಕೊಂಡೆ. ಕೊಚ್ಚಿಯವರೆಗೂ ರೈಲಿನ ಬಾಗಿಲ ಬಳಿ ನಿಂತು, ಉಳಿದ ನೌಕರಿಯ ವರ್ಷಗಳನ್ನು ಬೆರಳಲ್ಲಿ ಎಣಿಸುತ್ತ ಬಂದೆ.

ಮೂರು ವಾರಕ್ಕೆ ಪಟ್ಟಿ ಬಂತು. ನನ್ನ ಹೆಸರಿತ್ತು! ಮೊದಲು ಮುದ್ರಣದ ತಪ್ಪೆಂದು ಹೆದರಿದೆ. ತಿರುವನಂತಪುರದ ಕಚೇರಿಯಲ್ಲಿರುವ ಗೆಳೆಯ ಶಶಿಧರನ್ ಫೋನು ಮಾಡಿ ಒಳಗಿನ ಸುದ್ದಿ ಹೇಳಿದ: "ಗಂಭೀರ ವ್ಯಕ್ತಿ, ಅಳೆದು ತೂಗಿ ಮಾತಾಡುತ್ತಾರೆ, ಇತರರನ್ನು ತಾಳ್ಮೆಯಿಂದ ಕೇಳುತ್ತಾರೆ ಅಂತ ಬರೆದಿದ್ದಾರೆ. ಎಡೋ, ಅದು ನಿನ್ನ ಬಗ್ಗೇನಾ?" ಆ ಅಪರೂಪದ ಗುಣ ವ್ಯರ್ಥವಾಗಬಾರದೆಂದು ನನ್ನನ್ನು ತಿರುವನಂತಪುರದ ಗ್ರಾಹಕರ ದೂರು ವಿಭಾಗಕ್ಕೆ ಹಾಕಿದ್ದರು. ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವ ಕೆಲಸ!

ಆ ಸಂಜೆ ಸಂಭ್ರಮದಲ್ಲಿ ಕೂತು ನನ್ನ ಯಶಸ್ಸಿನ ಕಾರಣಗಳನ್ನು ಹೆಂಡತಿ ಮಗಳಿಗೆ ವಿವರಿಸತೊಡಗಿದೆ. ಮೂವತ್ತು ವರ್ಷದ ಓದು, ಆತ್ಮವಿಶ್ವಾಸ, ಮನೆತನದ ಸಂಸ್ಕಾರ. ಅಜ್ಜನಿಂದಲೇ ಶುರು ಮಾಡಿದ್ದೆ. ಅಪ್ಪನ ಮುಂಜಿವೆ ಬರುವಷ್ಟರಲ್ಲಿ ಶೈಲಾ ಒಳಗೆ ಹೋಗಿ ತಟ್ಟೆ ತಂದಿಟ್ಟಳು. ನನ್ನದೇ ಅಳತೆಯ, ನನ್ನದೇ ಹೊಳಪಿನ ಬಾರುಗಳು!

"ನೀ ಮಾಡಿದೇನು? ಅಂಟು ಹುರದೀ ಹೌದಿಲ್ಲೋ?" ಎಂದೆ, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತ.

"ಇಲ್ರೀ," ಎಂದಳು ಶೈಲಾ, ಮಗಳ ಕಡೆ ನೋಡುತ್ತ. "ಇನ್ನ ಮ್ಯಾಲ ವಾರಕ್ಕೊಮ್ಮೆ ಮಾಡ್ತೀನಿ."

ನನ್ನ ತೀವ್ರ ವಿರೋಧವನ್ನು ಮೂಗಿನ ಮೂಲಕ ದಾಖಲಿಸಿದೆ.